ಬೇಡಮ್ಮ ಮತ್ತು ಬಟ್ಟೆ ಹೊದ್ದ ಕಂಪ್ಯೂಟರ್

ನನ್ನ ಓರಗಿತ್ತಿಗೆ ಅವಳ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದನ್ನು ಈಗ ಬ್ಯಾಂಕಿನವರು ಮಾತ್ರ ಬಳಸುತ್ತಾರೆ. ಬೀದಿಗೆಲ್ಲ ಅವಳು ಬೇಡಮ್ಮ. ಕೆಟ್ಟ ಕಂಪ್ಯೂಟರನ್ನು ಎದೆಗವಚಿಕೊಂಡು ಬಂದವರು ಬಾಗಿಲಲ್ಲೇ, "ಫಾರ್ಮ್ಯಾಟ್ ಹೊಡೆದುಬಿಡಿ ಮೇಡಂ, ಎಲ್ಲಾ ಒರೆಸಿ ಹೊಸದಾಗಿ ಹಾಕಿಬಿಡಿ" ಅನ್ನುತ್ತಾರೆ. ಇವಳು ತಲೆ ಕೂಡ ಎತ್ತದೆ "ಬೇಡಮ್ಮ" ಅನ್ನುತ್ತಾಳೆ. ಬಂದವರು ಗಂಡಸರಾದರೂ ಅದೇ ಮಾತು. ಒಮ್ಮೆ ಗಿರಿಜಾ ಮೀಸೆಯ ಪೊಲೀಸ್ ಅಧಿಕಾರಿಗೂ ಹಾಗೇ ಅಂದಳು. ಪಾಪ, ಆತ ಹಿಂದೆ ತಿರುಗಿ ನೋಡಿದ, ತನ್ನ ಬೆನ್ನ ಹಿಂದೆ ಯಾವ ಅಮ್ಮ ನಿಂತಿದ್ದಾಳೆ ಅಂತ.

ನಾನು ಅವಳಿಗಿಂತ ಹಿರಿಯಳು. ನನ್ನ ಗಂಡನ ತಮ್ಮನ ಹೆಂಡತಿ ಅವಳು. ಮನೆ ಒಂದೇ, ಒಲೆ ಒಂದೇ, ಅಂಗಡಿಯೂ ಒಂದೇ. ಶಟರ್ ಎತ್ತಿದರೆ ಬಲಗಡೆ ನನ್ನ ರಾಜ್ಯ: ಜೆರಾಕ್ಸ್, ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್. ಎಡಗಡೆ ಅವಳದು. ಅವಳ ಮೇಜಿನ ಮೇಲೆ ಮೊಟ್ಟೆ ಇಡುವ ಟ್ರೇ ಒಂದಿದೆ. ಒಂದೊಂದು ಗುಳಿಯಲ್ಲಿ ಒಂದೊಂದು ಯಂತ್ರದ ಸ್ಕ್ರೂಗಳು. ಆ ಟ್ರೇ ಮುಟ್ಟಿದವರ ಕೈ ಮುರಿಯುತ್ತಾಳೆ. ಮೇಜಿನ ಪಕ್ಕ ಒಂದು ಕುರ್ಚಿ. ಕಂಪ್ಯೂಟರ್ ತಂದವರು ಅದನ್ನು ಕೊಟ್ಟು ಹೋಗುವ ಹಾಗಿಲ್ಲ, ಆ ಕುರ್ಚಿಯಲ್ಲಿ ಕೂತು ಅದರ ಕಥೆಯನ್ನೆಲ್ಲ ಹೇಳಬೇಕು. ಯಾರು ತಂದದ್ದು, ಎಲ್ಲಿಂದ ತಂದದ್ದು, ಯಾರ್‍ಯಾರು ಮುಟ್ಟುತ್ತಾರೆ, ಕೊನೆಗೆ ಒತ್ತಿದ್ದು ಏನು. ಅದಕ್ಕೆ ನಾನು ಬಾಯಿಬಿಡಿಸೋ ಕುರ್ಚಿ ಅಂತ ಹೆಸರಿಟ್ಟಿದ್ದೇನೆ. ಕಂಪ್ಯೂಟರಿನ ಕಥೆ ಹೇಳಲು ಕೂತವರು ಸೊಂಟನೋವು, ಮಗಳ ಪರೀಕ್ಷೆ, ಪಕ್ಕದ ಮನೆಯ ನಾಯಿ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ನನ್ನ ಕಿವಿ ನನ್ನ ಮಾತು ಕೇಳುವುದಿಲ್ಲ, ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ.

ಮೊದಲು ಅವಳು ಒಂದು ದೊಡ್ಡ ರಿಪೇರಿ ಸೆಂಟರಿನಲ್ಲಿದ್ದಳು. ಅಲ್ಲಿ ಎಲ್ಲ ರೋಗಕ್ಕೂ ಒಂದೇ ಮದ್ದು. ಅಪ್‌ಡೇಟ್ ಅರ್ಧಕ್ಕೆ ನಿಂತಿತೇ, ಒರೆಸು. ಮೆಲ್ಲಗೆ ಓಡುತ್ತದೆಯೇ, ಒರೆಸು. ಇವಳೂ ಒರೆಸುತ್ತಿದ್ದಳು, ಚುರುಕಾಗಿಯೇ ಒರೆಸುತ್ತಿದ್ದಳಂತೆ. ಒಂದು ದಿನ ಸ್ವೆಟರ್ ಹೆಣಿಗೆಯ ನಮೂನೆ ಬರೆಯುವ ಹೆಂಗಸೊಬ್ಬರು ರಿಪೇರಿಯಾದ ಯಂತ್ರವನ್ನು ವಾಪಸ್ ತಂದರು. "ಎಲ್ಲಾ ಚೆನ್ನಾಗಿದೆ, ಆದ್ರೆ ಇದು ನಂದಲ್ಲ" ಅಂದರಂತೆ. ಅವರದೇ ಯಂತ್ರ. ಅವರು ಉಳಿಸಿದ್ದ ಫೈಲುಗಳೂ ಇದ್ದವು. ಅವುಗಳನ್ನು ತೆರೆಯುವ ಪ್ರೋಗ್ರಾಮ್ ಮಾತ್ರ ಇರಲಿಲ್ಲ. ಆ ದಿನ ಊಟಕ್ಕೆ ಕೂತಾಗ ನನ್ನ ಓರಗಿತ್ತಿ ತಟ್ಟೆಯಲ್ಲಿ ಗೆರೆ ಎಳೆಯುತ್ತಾ ಹೇಳಿದಳು, "ಮನೆ ಗುಡಿಸಿಕೊಡಿ ಅಂದ್ರೆ ಮನೆಯವರನ್ನೂ ಸೇರಿಸಿ ಗುಡಿಸಿ ಹಾಕಿದ್ವಿ ಅಕ್ಕಾ."

"ಅದಕ್ಕೇನೀಗ, ಊಟ ಮಾಡು" ಅಂದೆ ನಾನು. ಅವಳು ಊಟ ಮಾಡಿದಳು. ಆ ತಿಂಗಳು ಮುಗಿಯುತ್ತಲೇ ಕೆಲಸ ಬಿಟ್ಟು ಬಂದು ನನ್ನ ಅಂಗಡಿಯ ಅರ್ಧ ಕೇಳಿದಳು. ನನ್ನ ಕಾಗದದ ರೀಮುಗಳನ್ನೆಲ್ಲ ಅಟ್ಟಕ್ಕೆ ಏರಿಸಬೇಕಾಯಿತು. ಕೋಪ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ವಾರ ಅವಳಿಗೆ ಕೇಳುವ ಹಾಗೆ ಪಾತ್ರೆ ತೊಳೆದಿದ್ದೇನೆ.

ಈಗ ಬೂಟಿನಜ್ಜನ ವಿಷಯಕ್ಕೆ ಬರುತ್ತೇನೆ.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಬೂಟಿನಂಗಡಿ ಇದೆ. ಅಲ್ಲಿ ಎಲ್ಲರ ಹಾಗೆ ಬೂಟು ಮಾರುವುದಿಲ್ಲ. ಒಂದು ಕಾಲು ಗಿಡ್ಡ ಇದ್ದವರಿಗೆ, ಪಾದ ಸೊಟ್ಟಗಿದ್ದವರಿಗೆ, ಹಿಮ್ಮಡಿ ನೆಲಕ್ಕೆ ಊರಲಾಗದವರಿಗೆ ಅವರವರ ಕಾಲಿಗೆ ತಕ್ಕಂತೆ ಮಾಡಿಕೊಡುತ್ತಾರೆ. ಅಜ್ಜ ವಯಸ್ಸಿನಲ್ಲಿದ್ದಾಗ ಮರದ ಅಚ್ಚು ಕೆತ್ತಿ ಕೈಯಲ್ಲೇ ಮಾಡುತ್ತಿದ್ದರು. ಕೈ ನಡುಗಲು ಶುರುವಾದ ಮೇಲೆ ಕೆಲಸ ಸೊಸೆಗೆ ಬಂತು. ಮಗ ದೂರದ ಲಾರಿ ಓಡಿಸುವವನು, ಮನೆಯಲ್ಲಿರುವುದೇ ಅಪರೂಪ. ಹಾಗಾಗಿ ಅಂಗಡಿ ಅಂದರೆ ಮಾವ, ಸೊಸೆ, ಮತ್ತೊಂದು ಹಳೆಯ ಕಂಪ್ಯೂಟರ್. ಬಂದವರು ಗಾಜಿನ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತರೆ ಅದರೊಳಗಿನ ಪ್ರೋಗ್ರಾಮ್ ಪಾದದ ಏರು ತಗ್ಗುಗಳನ್ನು ಓದಿ, ಪಕ್ಕದ ಯಂತ್ರಕ್ಕೆ ಹೇಳಿ, ಅಟ್ಟೆ ಕೊರೆಸುತ್ತದೆ. ಕೊನೆಯ ಹೊಲಿಗೆಯ ಮೇಲೆ ಅಜ್ಜ ಬೆರಳಾಡಿಸಿ ಹೂಂ ಅಂದರೆ ಮಾತ್ರ ಬೂಟು ಹೊರಗೆ ಹೋಗುತ್ತದೆ.

ಒಂದು ಬೆಳಿಗ್ಗೆ ಸೊಸೆ ಆ ಕಂಪ್ಯೂಟರನ್ನು ಹೊತ್ತು ನಮ್ಮ ಅಂಗಡಿಗೆ ಬಂದಳು. ಹಿಂದೆ ಅಜ್ಜ, ಕೈಯಲ್ಲಿ ಕೀಬೋರ್ಡು, ಕೊರಳಲ್ಲಿ ವೈರು. ಇಬ್ಬರ ನಡುವೆ ಒಂದು ಲಾರಿ ಹಾಯುವಷ್ಟು ಜಾಗ.

"ಅಪ್‌ಡೇಟ್ ಆಗ್ತಾ ಇತ್ತು. ಯಾರೋ ಮೇನ್ ಸ್ವಿಚ್ ಆಫ್ ಮಾಡಿದ್ರು," ಅಂದಳು ಸೊಸೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಅಜ್ಜ ತಮ್ಮ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

"ಬಸ್ ನಿಲ್ದಾಣದ ಹತ್ರ ತೋರಿಸ್ದೆ. ಒರೆಸಿ ಹಾಕ್ಬೇಕು, ಬೇರೆ ದಾರಿ ಇಲ್ಲ ಅಂದ್ರು. ಒರೆಸಿದ್ರೆ ಅಟ್ಟೆ ಪ್ರೋಗ್ರಾಮ್ ಹೋಗುತ್ತೆ. ಅದನ್ನ ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷ ಆಯ್ತು. ಮತ್ತೆ ಹಾಕೋಣ ಅಂದ್ರೆ ಅದಕ್ಕೆ ಬೇಕಾದ ಲೈಸೆನ್ಸ್ ನಂಬರ್ ಕೊಡೋರು ಯಾರೂ ಇಲ್ಲ. ಅದು ಹೋಯ್ತು ಅಂದ್ರೆ ಅಂಗಡಿ ಹೋಯ್ತು ಅಕ್ಕಾ. ನಾನು ವಾಪಸ್ ಬೂಟಿನ ಫ್ಯಾಕ್ಟರಿಗೆ ಹೋಗ್ಬೇಕು. ಇವರು..." ಅಂದವಳು ಕಂಪ್ಯೂಟರಿನ ಮೇಲಿನ ಧೂಳು ಒರೆಸಿದಳು. ಮಾವನ ಕಡೆ ನೋಡಲೂ ಇಲ್ಲ.

ಬಸ್ ನಿಲ್ದಾಣದ ಹತ್ತಿರದವನು ಕೆಟ್ಟವನೇನಲ್ಲ. ಅವನ ಅಂಗಡಿ ಮುಂದೆ ಯಾವಾಗಲೂ ಸಾಲು. ಒಬ್ಬೊಬ್ಬರ ಹತ್ತಿರ ಅಷ್ಟು ಹೊತ್ತು ಕೂತರೆ ಅವನ ಹೊಟ್ಟೆ ತುಂಬಬೇಕಲ್ಲ.

ಅಜ್ಜ ನನ್ನ ಕಡೆ ಸರಿದು ನಿಂತು, ಜೆರಾಕ್ಸ್ ಯಂತ್ರಕ್ಕೆ ಹೇಳುವವರ ಹಾಗೆ ಮೆಲ್ಲಗೆ ಹೇಳಿದರು. "ಅವತ್ತಿಂದ ನನ್ನ ಹತ್ರ ಮಾತಿಲ್ಲಮ್ಮ. ಊಟ ಹಾಕಿಟ್ಟು ಗೋಡೆಗೆ ಹೇಳ್ತಾಳೆ, ಊಟ ಇಟ್ಟಿದೆ ಅಂತ. ಗೋಡೆ ಎಲ್ಲಾದ್ರೂ ಊಟ ಮಾಡುತ್ತಾ?"

ನನಗೆ ನಗು ಬಂತು. ಅಜ್ಜನ ಮುಖ ನೋಡಿ ನುಂಗಿಕೊಂಡೆ. ತಪ್ಪು ಮಾಡಿ ಪೆಟ್ಟು ತಿನ್ನದ ಮಗುವಿನ ಮುಖ ಅದು. ಪೆಟ್ಟು ತಿಂದಿದ್ದರೆ ಆ ಸಂಕಟ ಇರುತ್ತಿರಲಿಲ್ಲ.

ಬೇಡಮ್ಮ ಸೊಸೆಯನ್ನು ಬಾಯಿಬಿಡಿಸೋ ಕುರ್ಚಿಯಲ್ಲಿ ಕೂರಿಸಿದಳು. "ಅವತ್ತು ಏನೇನು ಮಾಡ್ದೆ, ಒಂದೊಂದಾಗಿ ಹೇಳು."

"ಅಪ್‌ಡೇಟ್ ಮಾಡು ಮಾಡು ಅಂತ ದಿನಾ ಪ್ರಾಣ ತಿಂತಿತ್ತು. ದಿನಾ ಆಮೇಲೆ ಅಂತ ಒತ್ತುತಿದ್ದೆ. ಅವತ್ತು ಸಂಜೆ ಸಾಕಾಗಿ, ಅಪ್‌ಡೇಟ್ ಮಾಡ್ಕೊಂಡು ಬಂದ್ ಆಗು ಅನ್ನೋದನ್ನ ಒತ್ತಿದೆ. ಕೈ ತೊಳೆದೆ. ಬಟ್ಟೆ ಹೊದಿಸಿದೆ. ತರಕಾರಿ ತರೋಕೆ ಹೊರಟೆ. ನಾನು ಆ ಕಡೆ ಹೋದ್ನೋ ಇಲ್ವೋ, ಈ ಕಡೆ ಇವರು ಮೇನ್ ಆಫ್ ಮಾಡಿದ್ದಾರೆ. ದಿನಾ ಮಾಡ್ತಾರೆ, ಸರಿ. ಯಾವ ಕಾಲದಲ್ಲೋ ಅಂಟಿನ ಡಬ್ಬಿಗೆ ಕಿಡಿ ಬಿದ್ದು ಹಳೇ ಅಂಗಡಿ ಅರ್ಧ ಸುಟ್ಟಿತ್ತಂತೆ, ಅದಕ್ಕೆ ಮೇನ್ ಆಫ್ ಮಾಡ್ದೆ ಬಾಗಿಲು ಹಾಕಲ್ಲ. ಆದ್ರೆ ನೋಡಿ ಮಾಡಬಾರದಾ? ಪರದೆ ಮೇಲೆ ಇಷ್ಟಿಷ್ಟು ದಪ್ಪ ಅಕ್ಷರದಲ್ಲಿ ಆಫ್ ಮಾಡಬೇಡಿ ಅಂತ ಬಂದಿರುತ್ತೆ!"

"ಏನೋ ಹೊದಿಸ್ದೆ ಅಂದ್ಯಲ್ಲ?"

"ಬಟ್ಟೆ. ಚರ್ಮದ ಧೂಳು ಕೂರುತ್ತಲ್ಲ, ದಿನಾ ಹೊದಿಸ್ತೀನಿ."

"ಯಾವುದಕ್ಕೆ?"

"ಪರದೆಗೆ," ಅಂದಳು ಸೊಸೆ. ಅಂದವಳು ಬಾಯಿ ತೆರೆದುಕೊಂಡೇ ಕೂತಳು.

ಆಫ್ ಮಾಡಬೇಡಿ ಅಂತ ಬರೆದಿದ್ದ ಪರದೆಗೆ ಬಟ್ಟೆ ಹೊದಿಸಿ ಹೋದವಳು ಸೊಸೆ. ಬಟ್ಟೆ ಹೊದ್ದಿದೆ ಅಂದರೆ ಕೆಲಸ ಮುಗಿದಿದೆ ಅಂದುಕೊಂಡವರು ಮಾವ. ನಾನಾಗಿದ್ದರೆ ಅಲ್ಲೇ ಇಬ್ಬರಿಗೂ ಒಂದು ಭಾಷಣ ಬಿಗಿಯುತ್ತಿದ್ದೆ. ನನ್ನ ಓರಗಿತ್ತಿ, "ಹೂಂ, ಆಮೇಲೆ?" ಅಂದಳು ಅಷ್ಟೆ. ಸೊಸೆಯ ಕಿವಿ ಕೆಂಪಾಗಿತ್ತು. ಆದರೂ ಸೋಲೊಪ್ಪಲು ಮನಸ್ಸು ಬರಬೇಕಲ್ಲ. ಗೋಡೆಯ ಜೊತೆ ಮಾತು ಬೆಳೆಸಿ ಅವಳಿಗೂ ಅಭ್ಯಾಸವಾಗಿಬಿಟ್ಟಿತ್ತು.

ಯಂತ್ರಕ್ಕೆ ಜೀವ ಕೊಟ್ಟರೆ ಚುಕ್ಕಿಗಳು ಗಿರಗಿರ ತಿರುಗುತ್ತವೆ, ಬದಲಾವಣೆಗಳನ್ನು ಹಿಂದಕ್ಕೆ ತೆಗೆಯುತ್ತಿದ್ದೇನೆ ಅನ್ನುತ್ತದೆ, ಕಣ್ಣು ಮುಚ್ಚುತ್ತದೆ, ಮತ್ತೆ ಚುಕ್ಕಿ. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಬೇಡಮ್ಮ ಅದನ್ನು ಆರಿಸಿ, ಮೊದಲು ಡಿಸ್ಕ್ ಬಿಚ್ಚಿ ತನ್ನ ಯಂತ್ರಕ್ಕೆ ಸಿಕ್ಕಿಸಿ ಪೂರ್ತಿ ನಕಲು ತೆಗೆದಳು. ಅದು ಅವಳ ನೇಮ. ನಕಲು ಆಗದೆ ಯಾವುದನ್ನೂ ಮುಟ್ಟುವುದಿಲ್ಲ, ಮುಟ್ಟಗೊಡುವುದೂ ಇಲ್ಲ.

"ನಕಲು ಇದೆಯಲ್ಲ, ಆ ಪ್ರೋಗ್ರಾಮನ್ನ ಬೇರೆ ಕಂಪ್ಯೂಟರಿಗೆ ಹಾಕಿಕೊಟ್ಟರಾಯ್ತು," ಅಂದೆ ನಾನು, ಜಾಣೆಯ ಹಾಗೆ.

"ಫೈಲ್ ಆದ್ರೆ ಕಿತ್ತು ಕೊಡಬಹುದು ಅಕ್ಕಾ. ಪ್ರೋಗ್ರಾಮ್ ಹಾಗಲ್ಲ, ಗಿಡ ಇದ್ದ ಹಾಗೆ. ಬೇರೆಲ್ಲ ಸಿಸ್ಟಮ್ ಒಳಗೆ ಇಳಿದಿರುತ್ತೆ. ಮೇಲಿಂದ ಕಿತ್ತು ಬೇರೆ ಕಡೆ ನೆಟ್ಟರೆ ಚಿಗುರಲ್ಲ. ಮಣ್ಣನ್ನೇ ಸರಿ ಮಾಡ್ಬೇಕು, ಗಿಡ ಅಲ್ಲಾಡಬಾರದು."

ಅರ್ಧ ಬಂದ ಅಪ್‌ಡೇಟನ್ನು ಕಿತ್ತು ಹಾಕಲು ನೋಡಿದಳು, ಬರಲಿಲ್ಲ. ಸೇಫ್ ಮೋಡ್ ಅನ್ನುವ ಹಿತ್ತಲ ಬಾಗಿಲಿನಿಂದ ಒಳಗೆ ಹೊಕ್ಕು, ಅಪ್‌ಡೇಟಿನ ಚೂರುಪಾರುಗಳು ಬಿದ್ದಿದ್ದ ಫೋಲ್ಡರನ್ನು ಖಾಲಿ ಮಾಡಿದಳು. ಮುರಿದ ಸಿಸ್ಟಮ್ ಫೈಲುಗಳನ್ನು ಹುಡುಕಿ ಸರಿಪಡಿಸುವ ಆಜ್ಞೆ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಯಂತ್ರ ಎದ್ದು ಕೂತಿತು. ನಿಲ್ಲಲಿಲ್ಲ, ಕೂತಿತು ಅಷ್ಟೆ. ಪರದೆಯ ಮೇಲೆ ಪುಟ್ಟ ಬೂಟಿನ ಚಿತ್ರ ಕಾಣಿಸಿದಾಗ ಸೊಸೆ ಎದ್ದು ನಿಂತಳು. ಒತ್ತಿದರೆ ಅದು ತೆರೆಯಲಿಲ್ಲ. ಇನ್ನೂ ಏನೇನೋ ತೆರೆಯಲಿಲ್ಲ.

"ಈಗ ಒಂದೇ ದಾರಿ," ಅಂದಳು ಬೇಡಮ್ಮ. "ಹಳೇದರ ಮೇಲೇ ಅದೇ ಸಿಸ್ಟಮನ್ನ ಮತ್ತೊಮ್ಮೆ ಹಾಸೋದು. ಒಳಗಿಂದಲೇ ಶುರು ಮಾಡ್ಬೇಕು. ಏನು ಉಳಿಸಿಕೊಳ್ಳಲಿ ಅಂತ ಅದೇ ಕೇಳುತ್ತೆ. ಪ್ರೋಗ್ರಾಮು, ಫೈಲು ಎರಡೂ ಇರಲಿ ಅನ್ನೋದು ಮೊದಲನೇ ಸಾಲು. ಅದನ್ನ ಒತ್ತಿದ್ರೆ ಗೆದ್ದ ಹಾಗೆ."

ಕೇಳಿತು. ಮೂರು ಸಾಲು ಬಂದವು. ಮೊದಲನೆಯ ಸಾಲು ಮಾತ್ರ ಮಸುಕು. ಒತ್ತಿದರೆ ಒತ್ತಿಸಿಕೊಳ್ಳಲಿಲ್ಲ. ಫೈಲು ಮಾತ್ರ ಉಳಿಸು, ಇಲ್ಲವೇ ಏನೂ ಉಳಿಸಬೇಡ. ಇವೆರಡೇ ಕಪ್ಪಗೆ ಸ್ಪಷ್ಟವಾಗಿ ಹೊಳೆಯುತ್ತಿದ್ದವು.

ನನ್ನ ಓರಗಿತ್ತಿ ಸ್ಕ್ರೂಡ್ರೈವರಿನ ಹಿಡಿಯನ್ನು ಕೆನ್ನೆಗೆ ಉಜ್ಜಿಕೊಂಡಳು. ಅವಳು ಹಾಗೆ ಮಾಡಿದಳೆಂದರೆ ದಾರಿ ಕಾಣುತ್ತಿಲ್ಲ ಅಂತ ಅರ್ಥ. ಹಾಕಿರುವ ಸಿಸ್ಟಮ್ಮಿನ ಬಗೆ ಯಾವುದು ಅಂತ ನೋಡಿದಳು, ತಾನು ತಂದದ್ದೂ ಅದೇ. ಇದರಲ್ಲಿ ಜಾಗ ಸಾಲದೇ ಅಂತ ನೋಡಿದಳು, ಬೇಕಾದಷ್ಟಿತ್ತು. ಮತ್ತೊಮ್ಮೆ ಮೊದಲಿನಿಂದ ಮಾಡಿದಳು. ಮತ್ತೆ ಮಸುಕು.

"ಒರೆಸೋದೇ ಆದ್ರೆ ಒರೆಸಿಬಿಡಿ ಅಕ್ಕಾ," ಅಂದಳು ಸೊಸೆ. "ನನ್ನ ಹಣೆಬರಹ."

"ನೆಗಡಿ ಆಯ್ತು ಅಂತ ಮೂಗು ಕುಯ್ಕೋತಾರಾ? ಬೇಡಮ್ಮ," ಅಂದಳು ಇವಳು. ಮಾತು ಗಟ್ಟಿಯಾಗಿತ್ತು, ಸ್ಕ್ರೂಡ್ರೈವರ್ ಮಾತ್ರ ಇನ್ನೂ ಕೆನ್ನೆಯ ಮೇಲೇ ಇತ್ತು. ಆಮೇಲೆ ಕೇಳಿದಳು, "ಇದನ್ನ ಅಂಗಡಿಗೆ ತಂದದ್ದು ಯಾರು?"

"ನಾನು ಮದುವೆಯಾಗಿ ಬರೋಕೆ ಮುಂಚೆಯೇ ಇತ್ತು."

"ಹಾಗಾದ್ರೆ ನೀನು ಏಳು. ಅಜ್ಜಾ, ಬನ್ನಿ ಇಲ್ಲಿ, ಕೂತ್ಕೊಳ್ಳಿ."

ಬೆಳಗಿನಿಂದ ನನ್ನ ಕಾಗದದ ಕಟ್ಟುಗಳ ನಡುವೆ ಕಟ್ಟಿನ ಹಾಗೇ ಕೂತಿದ್ದ ಅಜ್ಜ ಬೆಚ್ಚಿದರು. "ನಾನ್ಯಾಕಮ್ಮ? ನಂಗೇನು ಗೊತ್ತು? ನಾನು ಮುಟ್ಟೋದು ಮೇನ್ ಸ್ವಿಚ್ ಒಂದೇ, ಅದನ್ನೂ ಮುಟ್ಟಿ ಹೀಗಾಯ್ತು."

"ತಂದಿದ್ದು ನೀವು ತಾನೇ? ತಂದ ದಿನದ ಕಥೆ ಹೇಳಿ."

ಅಜ್ಜ ಕುರ್ಚಿಯ ತುದಿಯಲ್ಲಿ ಕೂತರು. ಹಡಗಿನಲ್ಲಿ ಸಾಮಾನು ಕಳಿಸುವ ಒಂದು ಆಫೀಸು ಮುಚ್ಚುವಾಗ ಮೇಜು ಕುರ್ಚಿಗಳ ಜೊತೆ ಇದನ್ನೂ ಮಾರಿದರಂತೆ. ಅಜ್ಜ ಕೈಗಾಡಿಯಲ್ಲಿ ಇಟ್ಟುಕೊಂಡು ತಾವೇ ತಳ್ಳಿಕೊಂಡು ಬಂದರಂತೆ. ಕುಲುಕಬಾರದು ಅಂತ ಕೆಳಗೆ ತಮ್ಮ ಕೋಟು ಹಾಸಿದ್ದರಂತೆ. ಅಂಗಡಿಯಲ್ಲಿಟ್ಟು ಗುಂಡಿ ಒತ್ತಿದರು.

"ಒತ್ತಿದ್ನಾ? ಬೈಯೋಕೆ ಶುರು ಮಾಡ್ತು!"

"ಬೈತಾ?"

"ಹೂಂ ಮತ್ತೆ. ಇಂಗ್ಲಿಷಲ್ಲ. ಇಂಗ್ಲಿಷ್ ಅಕ್ಷರದ ಹಾಗೇ ಇತ್ತು, ಆದ್ರೆ ತಲೆ ಮೇಲೆಲ್ಲ ಎರಡೆರಡು ಚುಕ್ಕಿ. ಇಷ್ಟುದ್ದುದ್ದ ಮಾತು, ಕೊನೇಲಿ ಉದ್ಗಾರ ಬೇರೆ. ಬೈಗುಳ ಇಲ್ದೆ ಯಾರಮ್ಮ ಅಷ್ಟು ಉದ್ದ ಮಾತಾಡ್ತಾರೆ? ಆಮೇಲೆ ಎದುರುಮನೆ ಹುಡುಗಿ ಬಂದು ಏನೋ ಒತ್ತಿ ಇಂಗ್ಲಿಷ್ ಮಾಡಿಕೊಟ್ಲು. ಆ ಹಡಗಿನ ಆಫೀಸಿನವರು ಎಲ್ಲೋ ಸಮುದ್ರದಾಚೆಯವರು ನೋಡು."

ಸ್ಕ್ರೂಡ್ರೈವರ್ ಕೆನ್ನೆಯಿಂದ ಕೆಳಗಿಳಿಯಿತು.

ಬೇಡಮ್ಮ ಕಪ್ಪು ಕಿಟಕಿಯೊಂದನ್ನು ತೆರೆದು ಏನೋ ಟೈಪಿಸಿದಳು, ಬಂದ ಉತ್ತರದ ಮೇಲೆ ಬೆರಳಿಟ್ಟಳು. ಮೇಲೆಲ್ಲ ಇಂಗ್ಲಿಷ್ ಇದ್ದರೂ ಸಿಸ್ಟಮ್ಮಿನ ಹುಟ್ಟುಭಾಷೆ ಬೇರೆಯೇ ಆಗಿತ್ತು. ಹುಟ್ಟಿದ ಭಾಷೆಯಲ್ಲೇ ಮಾತಾಡಿಸದಿದ್ದರೆ ಅದು ಹಳೆಯ ಪ್ರೋಗ್ರಾಮುಗಳನ್ನು ಉಳಿಸಿಕೊಡುವುದಿಲ್ಲವಂತೆ. ಇವಳು ಹಾಕಲು ಹೋದದ್ದು ಇಂಗ್ಲಿಷಿನದು. "ಥೂ ನನ್ನ! ಇದನ್ನ ಮೊದಲೇ ನೋಡ್ಬೇಕಿತ್ತು," ಅಂತ ತನ್ನ ತಲೆಗೆ ತಾನೇ ಮೊಟಕಿಕೊಂಡು, ಆ ಭಾಷೆಯ ಸಿಸ್ಟಮ್ಮನ್ನು ಇಳಿಸಿಕೊಳ್ಳಲು ಕೂತಳು. ಇಳಿಯುವ ತನಕ ಅಜ್ಜನಿಂದ ಆ ಕೋಟಿನ ಕಥೆಯನ್ನು ಮತ್ತೊಮ್ಮೆ ಹೇಳಿಸಿದಳು.

ಈ ಸಲ ಶುರು ಮಾಡಿದಾಗ ಪರದೆಯ ತುಂಬ ಚುಕ್ಕಿ ಹೊತ್ತ ಅಕ್ಷರಗಳು.

"ಇದೇ! ಇದೇ ನನ್ನ ಬೈದಿದ್ದು!" ಅಂತ ಅಜ್ಜ ಕುರ್ಚಿಯಿಂದ ಎದ್ದೇಬಿಟ್ಟರು. ಹಳೆಯ ಗೆಳೆಯ ಸಿಕ್ಕಿದ ಸಂತೋಷ.

"ನಿಂಗೆ ಇದನ್ನ ಓದೋಕೆ ಬರುತ್ತೇನೇ?" ಅಂತ ಕೇಳಿದೆ ನನ್ನ ಓರಗಿತ್ತಿಯನ್ನು.

"ಒಂದಕ್ಷರ ಬರಲ್ಲ. ಆದ್ರೆ ಎಲ್ಲಿ ಏನಿರುತ್ತೆ ಅಂತ ಗೊತ್ತು. ಕತ್ತಲಲ್ಲೂ ಅಡುಗೆಮನೇಲಿ ಉಪ್ಪಿನ ಡಬ್ಬಿ ಸಿಗಲ್ವಾ, ಹಾಗೆ."

ಮೂರು ಸಾಲು ಬಂದವು. ಮೊದಲನೆಯದು ಕಪ್ಪಗೆ, ಸ್ಪಷ್ಟವಾಗಿತ್ತು. ಬೇಡಮ್ಮ ಒತ್ತಿದಳು.

ಒತ್ತಿದ್ದಷ್ಟೇ ಅವಳ ಕೆಲಸ, ಇನ್ನು ಮೇಲೆ ಕಾಯುವುದು. "ಈಗ ಕರೆಂಟು ಹೋಗಬಾರದು. ಹೋದ್ರೆ ಮತ್ತೆ ಮೊದಲಿಂದ," ಅಂದಳು. ಅವಳ ಮೇಜಿನ ಕೆಳಗೆ ಯುಪಿಎಸ್ ಇದೆ. ಆದರೆ ಅದು ನಮ್ಮ ಮೈದುನನ ಹಾಗೆ, ಕರೆದರೆ ಬರುತ್ತದೆ, ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಜ್ಜ ಎದ್ದರು. ನನ್ನ ಸ್ಟೂಲನ್ನು ಎಳೆದುಕೊಂಡು ಹೋಗಿ ನಮ್ಮ ಅಂಗಡಿಯ ಮೇನ್ ಸ್ವಿಚ್ಚಿನ ಕೆಳಗೆ ಹಾಕಿ, ಎರಡೂ ಕೈ ಕಟ್ಟಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರು.

ನಾನು ಜೆರಾಕ್ಸ್ ಯಂತ್ರದ ಗುಂಡಿಗೆ ಕೈ ಹಾಕಿದೆ.

"ಹಾಂ ಹಾಂ! ಏನದು?" ಅಂದರು ಅಜ್ಜ.

"ಒಂದೇ ಒಂದು ಪುಟ ಅಜ್ಜಾ."

"ಒಂದು ಪುಟಕ್ಕೇ ಫ್ಯೂಸ್ ಹೋಗೋದಮ್ಮ."

"ನನ್ನ ಅಂಗಡಿ ಅಜ್ಜಾ ಇದು!"

"ಹೌದು. ನಾನೂ ಹಾಗೇ ಅಂದ್ಕೊಂಡಿದ್ದೆ, ನನ್ನ ಅಂಗಡಿ, ನನ್ನ ಸ್ವಿಚ್ಚು ಅಂತ."

ಕೈ ತೆಗೆದೆ. ಬಂದ ಗಿರಾಕಿಗಳನ್ನೆಲ್ಲ ಅಜ್ಜನೇ ಬಾಗಿಲಲ್ಲಿ ತಡೆದು, "ನಾಳೆ ಬನ್ನಿ, ಒಳಗೆ ಆಪರೇಷನ್ ನಡೀತಿದೆ" ಅಂತ ವಾಪಸ್ ಕಳಿಸಿದರು. ಒಬ್ಬಾಕೆ ಗಾಬರಿಯಾಗಿ ನನ್ನ ಗಂಡನಿಗೆ ಫೋನ್ ಮಾಡಿ ಯಾರಿಗೆ ಏನಾಯಿತು ಅಂತ ಕೇಳಿದಳಂತೆ.

ಅರ್ಧ ದಾರಿಯಲ್ಲಿ, ಎಷ್ಟು ಮುಗಿಯಿತು ಅಂತ ಪರದೆ ತೋರಿಸುವ ಶೇಕಡಾ ಲೆಕ್ಕ ನಿಂತಿತು. ಸೊಸೆ ಉಗುರು ಕಚ್ಚುತ್ತಾ ಬೇಡಮ್ಮನ ಮುಖ ನೋಡಿದಳು. ಇವಳು ಮೊಟ್ಟೆ ಟ್ರೇಯ ಸ್ಕ್ರೂಗಳನ್ನು ಒರೆಸುತ್ತಾ, "ಅದು ಯೋಚನೆ ಮಾಡ್ತಿದೆ, ಬಿಡು. ತಾಳಿದವನು ಬಾಳಿಯಾನು. ನಾವು ಗುಂಡಿ ಒತ್ತಿ ಕೆಡಿಸಿದಷ್ಟು ಯಂತ್ರಗಳು ತಾವಾಗಿ ಕೆಟ್ಟಿಲ್ಲ," ಅಂದಳು. ಸೊಸೆ ಸುಮ್ಮನಿರಲಾರದೆ ಹೊರಗೆ ಹೋಗಿ ಎಲ್ಲರಿಗೂ ಟೀ ತಂದಳು. ಅಜ್ಜನ ಲೋಟವನ್ನು ಸ್ಟೂಲಿನ ಪಕ್ಕ ಇಟ್ಟು, ಗೋಡೆಯ ಕಡೆ ನೋಡಿ, "ಟೀ ಆರೋಗುತ್ತೆ" ಅಂದಳು.

"ಸಕ್ಕರೆ ಹಾಕಿದ್ದಾರಾ ಅಂತ ಗೋಡೆ ಕೇಳ್ತಿದೆ," ಅಂದರು ಅಜ್ಜ.

ಸೊಸೆ ತುಟಿ ಕಚ್ಚಿಕೊಂಡು ಬೇಗ ಬೇಗ ಆಚೆ ಹೋದಳು. ಅವಳ ಹೆಗಲು ಕುಣಿಯುತ್ತಿದ್ದದ್ದು ನನಗೆ ಕಂಡಿತು.

ಲೆಕ್ಕ ಮತ್ತೆ ಓಡಿತು. ಯಂತ್ರ ಆರಿತು, ಹತ್ತಿತು, ಆರಿತು, ಹತ್ತಿತು. ಕೊನೆಗೆ ಬೆಳಕು ಬಂತು. ಬೇಡಮ್ಮ ಮತ್ತೆ ಇಂಗ್ಲಿಷ್ ಮಾಡಿದಳು. ಪುಟ್ಟ ಬೂಟಿನ ಚಿತ್ರ ತನ್ನ ಮೂಲೆಯಲ್ಲೇ ಇತ್ತು. "ನೀನೇ ಒತ್ತು," ಅಂದಳು ಸೊಸೆಗೆ. ಒತ್ತಿದರೆ ಪರದೆಯ ತುಂಬ ಪಾದಗಳು ತೆರೆದುಕೊಂಡವು. ಸೊಟ್ಟ ಪಾದ, ಚಪ್ಪಟೆ ಪಾದ, ಹೆಬ್ಬೆರಳು ತಿರುಗಿದ ಪಾದ. ಇಷ್ಟು ದಿನ ನಮ್ಮ ಬೀದಿಯಲ್ಲಿ ನಡೆದ ಕುಂಟುಗಳೆಲ್ಲ ಅಲ್ಲಿದ್ದವು. ನನಗೆ ಖುಷಿಯಾಯಿತು, ಹೊಟ್ಟೆಕಿಚ್ಚೂ ಆಯಿತು. ನಾನು ಜೀವಮಾನವಿಡೀ ಜೆರಾಕ್ಸ್ ಮಾಡಿದ್ದೇನೆ, ಒಬ್ಬರೂ ಆ ಸೊಸೆಯ ಹಾಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನ ಪುಟವನ್ನು ನೋಡಿಲ್ಲ.

ಅಟ್ಟೆ ಕೊರೆಯುವ ಯಂತ್ರ ಅವರ ಅಂಗಡಿಯಲ್ಲಿ, ಹಾಗಾಗಿ ಕೊನೆಯ ಪರೀಕ್ಷೆ ಅಲ್ಲೇ ಆಗಬೇಕಿತ್ತು. ಮರುದಿನ ಸಂಜೆ ಬೇಡಮ್ಮ ಅದನ್ನು ಜೋಡಿಸಲು ಹೊರಟಳು. ನಾನೂ ಹೊರಟೆ. ನಿಮಗೇನು ಕೆಲಸ ಅಲ್ಲಿ ಅಂತ ಕೇಳಬೇಡಿ. ಗೋಡೆಯ ಜೊತೆಗಿನ ಮಾತು ಎಲ್ಲಿಗೆ ಬಂತು ಅಂತ ನೋಡದೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಅಂಟು, ಚರ್ಮದ ವಾಸನೆಯ ಉದ್ದನೆಯ ಕೋಣೆ ಅದು. ಮೇಲೆ ದಾರದಲ್ಲಿ ಅಜ್ಜನ ಹಳೆಯ ಮರದ ಅಚ್ಚುಗಳು ನೇತಾಡುತ್ತಿದ್ದವು. ಮೂಲೆಯಲ್ಲಿ ಒಂದು ಕಾಲು ಗಿಡ್ಡ ಇರುವ ಪೋಸ್ಟ್‌ಮ್ಯಾನ್ ಹಳೆಯ ಬೂಟು ಬಿಚ್ಚಿಟ್ಟುಕೊಂಡು ಆಗಲೇ ಕೂತಿದ್ದ. ಸೊಸೆ ಅವನ ಪಾದವನ್ನು ಪರದೆಗೆ ಕರೆದು ಗುಂಡಿ ಒತ್ತಿದಳು. ಯಂತ್ರ ಒಮ್ಮೆ ಗೊರಕೆ ಹೊಡೆದು, ಆಮೇಲೆ ಸರಾಗವಾಗಿ ಕೊರೆಯಿತು. ಅಟ್ಟೆಯನ್ನು ಅಜ್ಜ ಎರಡೂ ಕೈಯಲ್ಲಿ ಹಿಡಿದು, ನಡುಗುವ ಹೆಬ್ಬೆರಳನ್ನು ಅಂಚಿನುದ್ದಕ್ಕೂ ಎಳೆದು, "ಹೂಂ" ಅಂದರು. ಸೊಸೆ ಅದನ್ನು ಅವನ ಪಾದಕ್ಕೆ ಹಿಡಿದು ತೋರಿಸಿದ ಮೇಲೆ, ನಾಳೆ ಬೂಟು ಸಿಗುತ್ತದೆ ಅಂತ ಪೋಸ್ಟ್‌ಮ್ಯಾನ್ ಶಿಳ್ಳೆ ಹಾಕುತ್ತಾ ಹೋದ.

ಅಂಗಡಿ ಮುಚ್ಚುವ ಹೊತ್ತಾಗಿತ್ತು. ಸೊಸೆ ಕಂಪ್ಯೂಟರನ್ನು ಬಂದ್ ಮಾಡಿದಳು, ಕೈ ತೊಳೆದಳು, ಅಭ್ಯಾಸದ ಹಾಗೆ ಪರದೆಗೆ ಬಟ್ಟೆ ಹೊದಿಸಿದಳು. ಅಜ್ಜನ ಕಾಲುಗಳೂ ಅಭ್ಯಾಸದ ಹಾಗೆ ಮೇನ್ ಸ್ವಿಚ್ಚಿನ ಕಡೆ ಹೋದವು. ಕೈ ಮೇಲಕ್ಕೆದ್ದಿತು. ಅಲ್ಲೇ ನಿಂತಿತು. ನಾನೂ ಬೇಡಮ್ಮನೂ ಬಾಗಿಲಲ್ಲಿ ಕಂಬದ ಹಾಗೆ ನಿಂತೆವು. ಅಜ್ಜ ಕೈ ಕೆಳಗಿಳಿಸಿ, ಎದುರಿಗಿದ್ದ ಗೋಡೆಗೆ ಹೇಳಿದರು.

"ಆಫ್ ಮಾಡಬಹುದಾ ಅಂತ ಕೇಳಪ್ಪ."

ಸೊಸೆ ಮೇಜಿನ ಹತ್ತಿರ ಹೋಗಿ ಬಟ್ಟೆಯ ತುದಿ ಎತ್ತಿ, ಬಗ್ಗಿ, ಪರದೆಯನ್ನು ನೋಡಿದಳು. ಕಪ್ಪಗಿತ್ತು. ಡಬ್ಬದ ಮೇಲಿನ ಸಣ್ಣ ದೀಪವನ್ನೂ ನೋಡಿದಳು. ಅದೂ ಆರಿತ್ತು. ಬಟ್ಟೆಯನ್ನು ತೆಗೆದು ಮಡಚಿ ಮೇಜಿನ ಮೇಲಿಟ್ಟಳು. ಆಮೇಲೆ ಮಾವನ ಹತ್ತಿರ, ತೀರ ಹತ್ತಿರ ಬಂದು ನಿಂತಳು.

"ಗೋಡೇನ ಯಾಕೆ ಕೇಳ್ತೀರ ಮಾವಾ, ನಾನು ಇಲ್ಲೇ ಇದೀನಲ್ಲ. ನೋಡ್ದೆ. ಎಲ್ಲಾ ಆರಿದೆ, ಆಫ್ ಮಾಡಿ."

"ಸರಿಯಾಗಿ ನೋಡಿದ್ಯಾ ಮಗಳೇ?"

"ಬಟ್ಟೆ ತೆಗೆದು ನೋಡ್ದೆ ಮಾವ."

ಅಜ್ಜ ಸ್ವಿಚ್ ಎಳೆದರು. ಟಕ್ ಅಂತ ಸದ್ದಾಗಿ ಕೋಣೆ ಕತ್ತಲಾಯಿತು. ನಾಲ್ವರೂ ಹಾಗೇ ನಿಂತಿದ್ದೆವು. ಕತ್ತಲಲ್ಲಿ ಯಾರೋ ಸೊರ್ ಅಂತ ಮೂಗು ಎಳೆದರು. ಅಜ್ಜ ಇರಬೇಕು ಅಂದುಕೊಂಡೆ. ಹೊರಗೆ ಬೀದಿದೀಪದ ಕೆಳಗೆ ಬಂದು ನೋಡಿದರೆ ನನ್ನ ಓರಗಿತ್ತಿ, ಮೂಗು ಕೆಂಪಗೆ ಮಾಡಿಕೊಂಡು ನಿಂತಿದ್ದಾಳೆ.

"ಚರ್ಮದ ಧೂಳು ಅಕ್ಕಾ," ಅಂದಳು.

"ಹೌದೌದು. ಅದಕ್ಕೇ ತಾನೇ ಬಟ್ಟೆ ಹೊದಿಸೋದು," ಅಂದು ನನ್ನ ಕರವಸ್ತ್ರ ಕೊಟ್ಟೆ.